ಗಿಟಾರ್ ಮೇಲೆ ಗೂಬೆ ಕೂರಿಸಬೇಡಿ

ಮೊನ್ನೆ ಶನಿವಾರ ಮಂಡ್ಯದಲ್ಲಿ ಒಂದು ಆರತಕ್ಷತೆಗೆ ಗಿಟಾರ್ ನುಡಿಸಲು ಹೋಗಿದ್ದೆ. ಮೈಸೂರಿಗೆ ವಾಪಸ್ ಬಂದು ಮೂರು ದಿನವಾಯಿತು. ಹೊಟ್ಟೆಯೊಳಗಿನ ಉರಿ ಇನ್ನೂ ಆರಿಲ್ಲ.

ಎರಡನೇ ಹಾಡು ನಡೆಯುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಸೆರಗನ್ನು ಉಂಡೆ ಮಾಡಿ ಎರಡೂ ಕಿವಿಗೆ ಒತ್ತಿಕೊಂಡರು. ಆಮೇಲೆ ಹುಡುಗಿಯ ಸೋದರಮಾವ ವೇದಿಕೆ ಹತ್ತಿರ ಬಂದರು. "ಸಾರ್, ಆ ಗಿಟಾರ್ ಒಂದು ನಿಲ್ಸುಬುಡಿ. ತಲೆ ಸಿಡೀತಾ ಅದೆ" ಅಂದರು. ಎಲ್ಲರ ಎದುರಿಗೇ. ಉಳಿದ ಹಾಡುಗಳಿಗೆಲ್ಲ ನಾನು ವಾಲ್ಯೂಮ್ ಸೊನ್ನೆಗೆ ಇಳಿಸಿ ಸುಮ್ನೆ ಕೈ ಆಡಿಸುತ್ತಾ ನಿಂತಿದ್ದೆ.

ಅವರು ಹೇಳಿದ್ದು ನಿಜ. ನನ್ನ ಕಿವಿಯೂ ಉರಿಯುತ್ತಿತ್ತು. ಆದರೆ ತಪ್ಪು ಗಿಟಾರಿನದಲ್ಲ!

ನಾನು ನನ್ನದೇ ಆಂಪ್, ಅಂದರೆ ಎಲೆಕ್ಟ್ರಿಕ್ ಗಿಟಾರಿನ ಸದ್ದು ಹೊರಡಿಸುವ ಸ್ಪೀಕರ್ ಪೆಟ್ಟಿಗೆ, ತೆಗೆದುಕೊಂಡು ಹೋಗಿದ್ದೆ. 15 ವ್ಯಾಟ್‌ನದು, 12 ಇಂಚಿನ ಒಂದೇ ಸ್ಪೀಕರ್. ಸ್ಕೂಟರ್ ಮುಂದೆ ಕಾಲಿಡುವ ಜಾಗದಲ್ಲಿ ಇಟ್ಟು, ಹಗ್ಗ ಬಿಗಿದು, ಸರಸ್ವತಿಪುರಂನಿಂದ ಮಂಡ್ಯದವರೆಗೆ ಕಾಲು ಅಗಲಿಸಿಕೊಂಡೇ ಓಡಿಸಿದ್ದೆ. ಸೌಂಡ್ ಸಿಸ್ಟಮ್‌ನವರು ಅದನ್ನು ನೋಡಿದ ಕೂಡಲೇ, "ಇದ್ಯಾಕೆ ಸಾರ್? ನಮ್ಮ ಬಾಕ್ಸೇ ಸಾವಿರಾರು ವ್ಯಾಟ್ ಅವೆ. ಮಿಕ್ಸರ್‌ಗೆ ಡೈರೆಕ್ಟ್ ಕೊಟ್ಬುಡಿ" ಅಂದರು. ಆಂಪ್ ಮುಂದೆ ಒಂದೇ ಒಂದು ಮೈಕ್ ಇಡಿ ಅಂತ ಬೇಡಿಕೊಂಡೆ. ಮೈಕ್ ಇಲ್ಲ ಅಂದರು. ಸಂಜೆ ಓಲಗದವರು ಊದಿ ಹೋದ ಎರಡು ಮೈಕ್ ಸ್ಟ್ಯಾಂಡ್ ಸಮೇತ ಮೂಲೆಯಲ್ಲೇ ನಿಂತಿದ್ದವು. ನನ್ನ ಆಂಪ್ ಇಡೀ ರಾತ್ರಿ ಆ ಮೂಲೆಯಲ್ಲೇ ಕೂತಿತ್ತು.

ಅವರ ಬಾಕ್ಸ್, ಅಂದರೆ ಸಭೆಗೆಲ್ಲ ಕೇಳಿಸುವ ದೊಡ್ಡ ಸ್ಪೀಕರ್, ಇರುವುದು ಹಾಡುವವರ ಮಾತು ಸ್ಪಷ್ಟವಾಗಿ ಕೇಳಲಿ ಅಂತ. ಅದರೊಳಗೆ ಚೂಪು ಸದ್ದಿಗೆಂದೇ ಒಂದು ಹಾರ್ನ್ ಇರುತ್ತದೆ, 15 ಸಾವಿರ ಹರ್ಟ್ಜ್ ದಾಟಿದ ಸದ್ದನ್ನೂ ಅದು ಹೊರಗೆ ಕಳಿಸುತ್ತದೆ. (ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಅದು ಏರಿದಷ್ಟೂ ಸದ್ದು ಚೂಪು.) ಗಿಟಾರ್ ಆಂಪಿನ ಸ್ಪೀಕರ್ ಹಾಗಲ್ಲ. ಅದರಲ್ಲಿರುವುದು ಬರೀ ಒಂದು ದೊಡ್ಡ ಕಾಗದದ ಕೋನ್, ಚೂಪು ಸದ್ದಿನ ಸಣ್ಣ ಸ್ಪೀಕರ್, ಅಂದರೆ ಟ್ವೀಟರ್, ಇಲ್ಲ. ಸುಮಾರು 5 ಸಾವಿರ ಹರ್ಟ್ಜ್ ದಾಟಿದರೆ ಅದರ ಸದ್ದು ದಡದಡ ಇಳಿದುಹೋಗುತ್ತದೆ. ಇದು ಕೊರತೆ ಅಲ್ಲ. ಗಿಟಾರ್ ಸದ್ದನ್ನು ಬೇಕಂತಲೇ ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್ ತುಳಿದಾಗ ಹುಟ್ಟುವ ಕರ್ಕಶವನ್ನೆಲ್ಲ ಆ ಕೋನ್ ನುಂಗಿಕೊಳ್ಳುತ್ತದೆ. ಅದಕ್ಕೇ ನಮಗೆ ಆ ಸದ್ದು ದಪ್ಪಗೆ, ಬೆಚ್ಚಗೆ ಕೇಳುತ್ತದೆ. ಸ್ಪೀಕರ್ ಅನ್ನುವುದು ಅರ್ಧ ವಾದ್ಯ. ಅದನ್ನು ಬಿಟ್ಟು ಪೆಡಲ್ ಸದ್ದನ್ನು ನೇರ ಹಾರ್ನಿಗೆ ಕೊಟ್ಟರೆ ಡಬ್ಬದೊಳಗೆ ಕಣಜ ಹೊಕ್ಕ ಹಾಗೆ ಕೇಳುತ್ತದೆ. ಅದರ ಜೊತೆಗೆ ನಮ್ಮ ಕಿವಿ ತುಂಬಾ ಚುರುಕಾಗಿರುವುದು 2ರಿಂದ 5 ಸಾವಿರ ಹರ್ಟ್ಜ್ ನಡುವೆ. ಅವರ ಮಿಕ್ಸರ್‌ನಲ್ಲಿ ಚೂಪು ಸದ್ದು ಏರಿಸುವ 'ಹೈ' ಅನ್ನುವ ನಾಬ್ ಮೂರು ಗಂಟೆ ಮುಳ್ಳಿನ ಹಾಗೆ ಬಲಕ್ಕೆ ತಿರುಗಿತ್ತು. ಇಳಿಸಿ ಅಂದೆ. "ಕ್ಲಿಯರ್ ಇರಲ್ಲ ಸಾರ್, ಮಿಕ್ಸರ್ ಮುಟ್ಬೇಡಿ" ಅಂದರು. ವಾಲ್ಯೂಮ್ ಮಾತ್ರ ಇಳಿಸಿದರು. ಗಿಟಾರ್ ದೂರ ಹೋಯಿತು, ಚುಚ್ಚುವುದು ಹಾಗೇ ಇತ್ತು.

ಮನೆಯಲ್ಲಿ ಇದೇ ಆಂಪ್‌ಗೆ ಎರಡು ಸ್ಪೀಕರ್ ಬದಲಾಯಿಸಿ ನೋಡಿದ್ದೇನೆ, ಒಂದು ನಾಬ್ ಕೂಡ ಮುಟ್ಟದೆ. ಸೆಲೆಸ್ಟಿಯನ್ ಗ್ರೀನ್‌ಬ್ಯಾಕ್ ಹಾಕಿದರೆ ಎರಡು ಗಂಟೆ ಆರಾಮಾಗಿ ನುಡಿಸಬಹುದು. ಅದೇ ಕಂಪನಿಯ ವಿಂಟೇಜ್ 30 ಹಾಕಿದರೆ ಅರ್ಧ ಗಂಟೆಗೇ ಸ್ವಲ್ಪ ಪಕ್ಕಕ್ಕೆ ಸರಿದು ನಿಲ್ಲುತ್ತೇನೆ, ಅದು ಮೇಲಿನ ಮಿಡ್ ಅನ್ನು, ಅಂದರೆ ನಡುವಿನ ಸದ್ದಿನ ಚೂಪಾದ ಭಾಗವನ್ನು, ಮುಂದಕ್ಕೆ ತಳ್ಳುತ್ತದೆ. ಸ್ಪೀಕರ್ ಒಂದು ಬದಲಾದರೆ ಇಷ್ಟು ವ್ಯತ್ಯಾಸ. ಸ್ಪೀಕರೇ ಬೇಡ ಅಂದರೆ ಹೇಗೆ?

ಇನ್ನು ವ್ಯಾಟ್ ಜಂಭ. ವ್ಯಾಟ್ ಎರಡರಷ್ಟಾದರೆ ಸದ್ದು ಏರುವುದು 3 ಡೆಸಿಬೆಲ್, ಅಷ್ಟೇ. ಎರಡರಷ್ಟು ಜೋರಾಗಿ ಕೇಳಬೇಕಾದರೆ ಹತ್ತರಷ್ಟು ವ್ಯಾಟ್ ಬೇಕು. ಮದುವೆ ಮನೆಯಲ್ಲಿ ಅಷ್ಟು ಜೋರು ಯಾರಿಗೆ ಬೇಕಿದೆ?

ನಮ್ಮ ಗಿಟಾರಿಸ್ಟ್‌ಗಳ ಮೇಲೂ ಸಿಟ್ಟಿದೆ. ಆಂಪ್ ಇರುವ ಕಡೆ ಅದನ್ನು ನೆಲಕ್ಕೆ ಇಟ್ಟುಬಿಡುತ್ತಾರೆ. ಚೂಪಾದ ಸದ್ದು ಸ್ಪೀಕರಿನಿಂದ ಟಾರ್ಚ್ ಬೆಳಕಿನ ಹಾಗೆ ನೆಟ್ಟಗೆ ಹೋಗುತ್ತದೆ. ನುಡಿಸುವವನ ಮೀನಖಂಡಕ್ಕೆ ಬಡಿದು, ಎದುರಿಗೆ ಕೂತವರ ಕಿವಿಗೆ ಹೊಡೆಯುತ್ತದೆ. ತನಗೆ ಕೇಳುತ್ತಿಲ್ಲ ಅಂತ ಅವನು ಟ್ರೆಬಲ್, ಅಂದರೆ ಆ ಚೂಪು ಸದ್ದನ್ನೇ, ಇನ್ನೂ ಜಾಸ್ತಿ ಮಾಡುತ್ತಾನೆ. ಒಂದು ಪ್ಲಾಸ್ಟಿಕ್ ಕುರ್ಚಿ ಮೇಲೆ ಇಟ್ಟು ನಿಮ್ಮ ಕಿವಿಗೆ ತಿರುಗಿಸಿಕೊಳ್ಳಿ. ಅಷ್ಟು ಮಾಡೋಕೆ ಏನು ಕಷ್ಟ?

ಊಟದ ಹಾಲಿನಲ್ಲಿ ಆ ಅಜ್ಜಿ ನನ್ನ ಎದುರು ಸಾಲಿನಲ್ಲೇ ಕೂತಿದ್ದರು. "ಬಾರ್ಸೋದು ಚೆನ್ನಾಗೇ ಬಾರಿಸ್ತೀಯ ಕಣ್ಮಗ. ಆದ್ರೆ ಆ ಸದ್ದು ಯಾಕೆ ಸೂಜಿಲಿ ಚುಚ್ದಂಗೆ ಆಯ್ತದೆ?" ಅಂದರು. ಎಲೆ ಮೇಲಿನ ಪಾಯಸ ಗಂಟಲಲ್ಲಿ ಇಳಿಯಲಿಲ್ಲ.

ಬರುವ ಭಾನುವಾರ ಮೈಸೂರಲ್ಲೇ ಇನ್ನೊಂದು ಕಾರ್ಯಕ್ರಮ ಇದೆ. ಪಾರ್ಟಿಗೆ ಇವತ್ತೇ ಫೋನ್ ಮಾಡಿ ಹೇಳಿದ್ದೇನೆ: ನನ್ನ ಆಂಪ್ ಮುಂದೆ ಒಂದು ಮೈಕ್. ಆಗಲ್ಲ ಅಂದರೆ ಅಡ್ವಾನ್ಸ್ ವಾಪಸ್ ಕೊಡುತ್ತೇನೆ, ನಾನು ಬರುವುದಿಲ್ಲ.