ಒಂದು ಗುಂಡಿಯ ಸಲುವಾಗಿ

ಸೋಮವಾರ ಬೆಳಿಗ್ಗೆ ಎಂಟೂವರೆಗೆ ನಾನು ಬನಿಯನ್ ಮೇಲೆ ಕಪಾಟಿನ ಮುಂದೆ ನಿಂತಿದ್ದೆ. ಹತ್ತಕ್ಕೆ ಮೀಟಿಂಗು. ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸು ಹಿಡಿಯಬೇಕು. ನೀಲಿ ಶರ್ಟು ಮಾತ್ರ ಎಲ್ಲೂ ಇಲ್ಲ. ಒಗೆಯುವ ಬುಟ್ಟಿಯಲ್ಲಿಲ್ಲ, ಇಸ್ತ್ರಿಯವನ ಗಂಟಿನಲ್ಲೂ ಇಲ್ಲ. ಹೆಂಡತಿಯನ್ನು ಕೇಳಿದೆ. ಅವಳು ಉಪ್ಪಿಟ್ಟು ತಿರುವುತ್ತಾ, ಮಾತಾಡದೆ, ಸೌಟಿನಿಂದ ಹಿತ್ತಲ ಕಡೆ ತೋರಿಸಿದಳು.

ಹಿತ್ತಲ ಕಟ್ಟೆಯ ಮೇಲೆ ಅವ್ವ ಕಾಲು ಚಾಚಿ ಕುಳಿತು ಕೌದಿ ಹೊಲಿಯುತ್ತಿದ್ದಳು. ನನ್ನ ಶರ್ಟು ಅಲ್ಲೇ ಇತ್ತು. ಬೆನ್ನು ಒಂದು ಕಡೆ, ತೋಳು ಇನ್ನೊಂದು ಕಡೆ, ಜೇಬು ನಟ್ಟ ನಡುವೆ.

"ಅವ್ವಾ, ಗುಂಡಿ ಹಚ್ಚಿಕೊಡು ಅಂತ ಕೊಟ್ಟಿದ್ದೆ!"

"ಹೊಲಿ ಅಂತ ಕೊಟ್ಟಿದ್ದಿ. ಹೊಲದೇನಿ."

ನಮ್ಮ ಮನೆಯಲ್ಲಿ ಬಟ್ಟೆ ಸಾಯುವುದಿಲ್ಲ, ನೌಕರಿ ಬದಲಿಸುತ್ತದೆ. ಧೋತರ ಶಾವಿಗೆ ಒಣಹಾಕುವ ಹಾಸಾಗುತ್ತದೆ, ಟವೆಲ್ಲು ಕಾಲೊರಸು, ಕೊಡೆಯ ಬಟ್ಟೆ ಸಂತೆಯ ಚೀಲ. ಎಲ್ಲದರ ಕೊನೆಯ ಪೋಸ್ಟಿಂಗು ಕೌದಿಗೆ. ಕೆಳಗೊಂದು ಹಳೇ ಸೀರೆ, ಮೇಲೆ ಮನೆ ಮಂದಿಯ ಚಿಂದಿ, ದಪ್ಪ ಸೂಜಿಯಲ್ಲಿ ಈ ತುದಿಯಿಂದ ಆ ತುದಿಗೆ ಸಾಲು ಸಾಲು ಹೊಲಿಗೆ. ಚಳಿಗಾಲಕ್ಕೆ ಅದರಷ್ಟು ಬೆಚ್ಚಗಿನದು ಇನ್ನೊಂದಿಲ್ಲ, ಒಪ್ಪಿದೆ. ಆದರೆ ಬಟ್ಟೆ ಯಾವಾಗ ಹಳೇದಾಯಿತು ಅಂತ ಯಾರು ತೀರ್ಮಾನ ಮಾಡಬೇಕು? ಅಪ್ಪನ ಬನಿಯನ್ನಿಗೆ ಐದು ತೂತು. ಅದು ಇನ್ನೂ ಹೊಸದು. ಯಾಕೆಂದರೆ ಬಿಳಿ ಚಿಂದಿ ಅವ್ವನ ಹತ್ತಿರ ಗಂಟುಗಟ್ಟಲೆ ಇದೆ. ನನ್ನ ಶರ್ಟಿಗೆ ಇಲ್ಲದ್ದು ಒಂದೇ ಗುಂಡಿ. ಅದು ಹಳೇದು.

"ನೀಲಿ ಕಡಿಮಿ ಬಿದ್ದಿತ್ತೋ ತಮ್ಮಾ." ಒಪ್ಪಿಕೊಂಡೇ ಬಿಟ್ಟಳು.

ಇಷ್ಟಕ್ಕೆಲ್ಲ ಮೂಲ ಒಂದು ಪ್ರದರ್ಶನ. ಅಲ್ಲಿ ಅವ್ವ ಹಳಿಯಾಳದ ಕಡೆಯ ಸಿದ್ದಿ ಬುಡಕಟ್ಟಿನ ಹೆಂಗಸರ ಕೌದಿ ನೋಡಿ ಬಂದಳು. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಬಟ್ಟೆಯ ತುಂಡು ಮಡಚಿ, ಒಂದರ ಮೇಲೊಂದು ಇಟ್ಟು, ನಾಲ್ಕೂ ಮೂಲೆಗೆ ಹೂವು ಕೂರಿಸುತ್ತಾರೆ. ಅದಕ್ಕೆ ಫುಲಾ ಅನ್ನುತ್ತಾರೆ. ಫುಲಾ ಇಲ್ಲದ ಕೌದಿ ಬೆತ್ತಲೆ ಇದ್ದ ಹಾಗೆ ಅಂತ ಅವರಲ್ಲಿ ಮಾತು. ಚೆಂದದ ಮಾತು. ಆದರೆ ಅವ್ವ ಮನೆಗೆ ಬಂದವಳೇ ತನ್ನ ಕೌದಿಯ ಮೂಲೆ ನೋಡಿ ಕೊರಗತೊಡಗಿದಳು. ಈಗ ನನ್ನ ಎರಡು ಕಫ್ಫು ಎರಡು ಮೂಲೆಗೆ, ಕಾಲರು ಮೂರನೆಯದಕ್ಕೆ. ನಾಲ್ಕನೇ ಮೂಲೆ ಇನ್ನೂ ಖಾಲಿ. ಕೌದಿ ಬೆತ್ತಲೆ ಆಗಬಾರದು ಅಂತ ಮಗ ಬನಿಯನ್ ಮೇಲೆ ನಿಲ್ಲಬೇಕಾಯಿತು.

ಇನ್ನು ಜೇಬು. ಬಿಚ್ಚಲು ಬೇಜಾರಾಗಿ ಅವ್ವ ಅದನ್ನು ಹಾಗೇ ಇಟ್ಟು ಸುತ್ತಲೂ ಹೊಲಿದಿದ್ದಳು. ಅಪ್ಪನಿಗೆ ಅಷ್ಟು ಸಾಕಾಯಿತು. ಮೂಲೆ ಮುಗಿಯುವ ಮೊದಲೇ ಕೌದಿ ಎಳೆದುಕೊಂಡು ಹೊದ್ದರು. ಮೊದಲ ರಾತ್ರಿ ಜೇಬಿಗೆ ಅಡಿಕೆ ಚೂರು, ಎರಡನೇ ರಾತ್ರಿ ಕನ್ನಡಕ, ಮೂರನೇ ರಾತ್ರಿ ಮೊಬೈಲು. ಅಂಗಿ ತೊಟ್ಟರೆ ಜೇಬು ಎದೆಯ ಮೇಲೆ ಇರುತ್ತೆ. ಕೌದಿಯ ಜೇಬು ಹಾಗಲ್ಲ, ನಾವು ಮಗ್ಗುಲು ಬದಲಿಸಿದರೆ ಅದು ಊರು ಬದಲಿಸುತ್ತೆ.

ಗುರುವಾರ ನಸುಕಿನ ನಾಲ್ಕೂವರೆಗೆ ಫೋನು ಹೊಡೆದುಕೊಂಡಿತು. ಅಪ್ಪ ಎದೆ ತಟ್ಟಿಕೊಂಡರು, ಇಲ್ಲ. ಹೊಟ್ಟೆ ತಟ್ಟಿಕೊಂಡರು, ಇಲ್ಲ. ನಾನು ಓಡಿ ಬಂದು ಲೈಟು ಹಾಕಿದಾಗ ಮಂಚದ ಮೇಲೆ ಅಪ್ಪನೇ ಇರಲಿಲ್ಲ. ಕೌದಿ ಮಾತ್ರ ಎದ್ದು ಕುಳಿತಿತ್ತು. ಒಳಗಿಂದ "ಎಲ್ಲಿ? ಎಲ್ಲಿ ಹೋತು?" ಅನ್ನುವ ದನಿ, ಅದರ ಮೇಲೆ ಗಣಪತಿ ಆರತಿಯ ರಿಂಗ್‌ಟೋನು. ಹತ್ತು ಸಲ ಕೌದಿ ಕೊಡವಿದೆವು. ಜೇಬು ಕಾಲ ಬುಡದಲ್ಲಿ ತಲೆಕೆಳಗಾಗಿ ಸಿಕ್ಕಿತು. ಅಡಿಕೆ ಚೂರು ನೆಲದ ತುಂಬಾ. ಕೊನೆಗೂ ಫೋನ್ ಎತ್ತಿದರೆ, "ಹಾಲಿನ ಗಾಡಿ ಬಂತೇನ್ರೀ?" ರಾಂಗ್ ನಂಬರು!

ಅವ್ವ ಮಲಗಿದಲ್ಲಿಂದಲೇ ಹೇಳಿದಳು, "ಜೇಬಿಗೆ ಒಂದು ಗುಂಡಿ ಬೇಕ ನೋಡ್ರಿ."

ಬೆಳಿಗ್ಗೆ ಎದ್ದವಳೇ ಐದು ನಿಮಿಷದಲ್ಲಿ ಹಚ್ಚಿದಳು. ಒಂದು ತಿಂಗಳಿಂದ ನಾನು ಕೇಳುತ್ತಿದ್ದ ಗುಂಡಿ. ಅದೇ ಗುಂಡಿ.

ಸಂಜೆ ಕೌದಿ ಮಡಚುವಾಗ ಜೇಬಿನ ಪಕ್ಕದಲ್ಲೇ ಅಜ್ಜಿಯ ಇಳಕಲ್ ಸೀರೆಯ ತುಂಡು ಕಂಡಿತು. ಗೋಮಿ ದಡಿಯದು. ಒಗೆದೊಗೆದು ಹಾಲಿನ ಕೆನೆಯ ಹಾಗೆ ಮೆತ್ತಗಾಗಿದೆ. ಅಜ್ಜಿಗೆ ಜೇಬು ಅಂದರೆ ಆ ಸೆರಗಿನ ತುದಿ. ಚಿಲ್ಲರೆ ಅಲ್ಲೇ ಗಂಟು. ಜಾತ್ರೆಗೆ ಹೊರಟಾಗ ಹಲ್ಲಿನಿಂದ ಗಂಟು ಬಿಚ್ಚಿ ನಾಲ್ಕಾಣೆ ಕೈಗಿಡುತ್ತಿದ್ದಳು. ನಾಣ್ಯ ಬೆಚ್ಚಗಿರುತ್ತಿತ್ತು. ಅವಳು ಹೋದ ಮೇಲೆ ಅವ್ವ ಆ ಸೀರೆಗೆ ಆರು ವರ್ಷ ಕತ್ತರಿ ಮುಟ್ಟಿಸಲಿಲ್ಲ. ಟ್ರಂಕಿನಿಂದ ತೆಗೆಯುವುದು, ನೋಡುವುದು, ಮತ್ತೆ ಇಡುವುದು.

ಸ್ವಲ್ಪ ಹೊತ್ತು ಆ ತುಂಡಿನ ಮೇಲೆ ಕೈಯಾಡಿಸಿದೆ. ಆಮೇಲೆ ಲೆಕ್ಕ ಹಾಕಿದೆ. ಸತ್ತ ಅಜ್ಜಿಯ ಸೀರೆಗೆ ಆರು ವರ್ಷ. ಬದುಕಿರುವ ನನ್ನ ಶರ್ಟಿಗೆ ಒಂದು ತಿಂಗಳು.

ಈಗ ನನ್ನ ಬೂದು ಪ್ಯಾಂಟಿನ ಜಿಪ್ಪು ಕೆಟ್ಟಿದೆ. ನಿನ್ನೆ ಅದನ್ನು ಊಟದ ಡಬ್ಬಿಯ ಚೀಲದೊಳಗೆ ತುರುಕಿ, ಸುಮ್ನೆ ಟೇಲರ್ ಅಂಗಡಿಯ ಕಡೆ ಹೊರಟಿದ್ದೆ. ಗೇಟು ದಾಟಿರಲಿಲ್ಲ.

"ತಮ್ಮಾ, ಚೀಲದಾಗ ಏನೈತೋ? ಬೂದಿ ಬಣ್ಣದ್ದನ?"