ಅಟ್ಲಾಸ್ ಹೊತ್ತದ್ದು ಭೂಮಿಯನ್ನಲ್ಲ

ಮೊನ್ನೆ ಅಪ್ಪನ ಕತ್ತಿನ ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ಕೂತಿದ್ದೆ. ತಲೆಬುರುಡೆಯ ಬುಡಕ್ಕೆ ಅಂಟಿಕೊಂಡಂತಿರುವ ಮೊದಲ ಮೂಳೆಯನ್ನು ಡಾಕ್ಟರು ಪೆನ್ನಿನ ತುದಿಯಲ್ಲಿ ತೋರಿಸಿ "ಇದು ಅಟ್ಲಾಸ್" ಅಂದಿದ್ದರು. ಅಲ್ಲಿವರೆಗೆ ನನಗೆ ಗೊತ್ತಿದ್ದ ಅಟ್ಲಾಸ್ ಎರಡೇ. ಒಂದು ಶಾಲೆಯ ನಕ್ಷೆ ಪುಸ್ತಕ. ಇನ್ನೊಂದು, ಅಪ್ಪ ನನ್ನನ್ನು ಮುಂದಿನ ಬಾರ್ ಮೇಲೆ ಕೂರಿಸಿಕೊಂಡು ತುಳಿಯುತ್ತಿದ್ದ ಸೈಕಲ್ಲು.

ಗ್ರೀಕರ ಕಥೆಯಲ್ಲಿ ಅಟ್ಲಾಸ್ ಒಬ್ಬ ಟೈಟನ್, ಅಂದರೆ ಹಳೆಯ ದೇವಕುಲದ ದೈತ್ಯ. ದೇವತೆಗಳ ರಾಜ ಜೀಯಸ್ ವಿರುದ್ಧ ಯುದ್ಧ ಮಾಡಿ ಸೋತವನು. ಪಡುವಣದ ತುದಿಯಲ್ಲಿ ನಿಂತು ಆಕಾಶ ಹೊರಬೇಕು ಅನ್ನೋದು ಅವನಿಗೆ ಸಿಕ್ಕ ಶಿಕ್ಷೆ. ಆಕಾಶ, ಭೂಮಿಯಲ್ಲ! ಆದರೂ ಭೂಗೋಳ ಹೊತ್ತ ಅವನ ಚಿತ್ರ ಎಷ್ಟೊಂದು ಕಡೆ ಅಚ್ಚಾಗಿದೆ. ಆದಿಶೇಷನ ಕಥೆ ಕೇಳಿ ಬೆಳೆದ ನಮಗಂತೂ ಆ ಚಿತ್ರದಲ್ಲಿ ತಪ್ಪೇ ಕಾಣುವುದಿಲ್ಲ. ಇಟಲಿಯ ನೇಪಲ್ಸ್ ಮ್ಯೂಸಿಯಮ್ಮಿನಲ್ಲಿ ಅವನ ಹಳೆಯ ಅಮೃತಶಿಲೆಯ ಮೂರ್ತಿಯಿದೆ. ಮಂಡಿ ಬಗ್ಗಿದೆ, ತಲೆ ವಾಲಿದೆ. ಹೆಗಲ ಮೇಲಿನ ಗೋಳದ ತುಂಬ ಕೆತ್ತಿರುವುದು ನಕ್ಷತ್ರಪುಂಜಗಳು. ದೇಶಗಳಲ್ಲ.

ನಕ್ಷೆ ಪುಸ್ತಕಕ್ಕೆ ಈ ಹೆಸರಿಟ್ಟವನು ಯುರೋಪಿನ ನಕ್ಷೆಗಾರ ಮರ್ಕೇಟರ್. ಅವನು ತೀರಿಕೊಂಡ ಮರುವರ್ಷ, 1595ರಲ್ಲಿ, ಆ ಪುಸ್ತಕ ಹೊರಬಂತು. ಅವನ ಮನಸ್ಸಿನಲ್ಲಿದ್ದದ್ದು ಟೈಟನ್ ಅಲ್ಲ, ನಕ್ಷತ್ರಗಳನ್ನು ಬಲ್ಲ, ಉತ್ತರ ಆಫ್ರಿಕಾದ ಪುರಾತನ ಮಾರಿಟೇನಿಯಾದ ಅಟ್ಲಾಸ್ ಎಂಬ ದೊರೆ.

ಈ ಹೆಸರು ಇನ್ನೂ ಎಲ್ಲೆಲ್ಲೋ ಹೋಗಿದೆ. ಅಟ್ಲಾಂಟಿಕ್ ಸಾಗರ, ಮೊರಾಕೊದ ಬೆಟ್ಟಸಾಲು, 1962ರಲ್ಲಿ ಅಮೆರಿಕದ ಗಗನಯಾತ್ರಿ ಜಾನ್ ಗ್ಲೆನ್ ಅವರನ್ನು ಕಕ್ಷೆಗೆ ಏರಿಸಿದ ರಾಕೆಟ್ಟು. ನಮ್ಮ ಪಶ್ಚಿಮ ಘಟ್ಟದಲ್ಲೂ ಅಟ್ಲಾಸ್ ಪತಂಗವಿದೆ. ರೆಕ್ಕೆ ಬಿಚ್ಚಿದರೆ ಅಂಗೈಗಿಂತ ದೊಡ್ಡದು, ಆದರೆ ರೆಕ್ಕೆ ಬಂದ ಮೇಲೆ ಏನೂ ತಿನ್ನುವುದಿಲ್ಲ. ಕೆಲವೇ ದಿನ ಬದುಕುತ್ತದೆ, ಪಾಪ.

ಆದರೆ ನನ್ನ ಮಟ್ಟಿಗೆ ಈ ಹೆಸರು ಎಲ್ಲಕ್ಕಿಂತ ಚೆನ್ನಾಗಿ ಒಪ್ಪುವುದು ಆ ಮೂಳೆಗೇ. ಅದೊಂದು ಸಣ್ಣ ಬಳೆ ಅಷ್ಟೇ. ಕೆಳಗಿನ ಮೂಳೆಗಳಿಗೆ ಇರುವಂಥ ಗಟ್ಟಿ ದಿಮ್ಮಿಯೂ ಅದಕ್ಕಿಲ್ಲ. ಅದರ ಮೇಲೆ ನಾಲ್ಕೈದು ಕೆಜಿ ತೂಗುವ ತಲೆ! ಎಚ್ಚರವಿದ್ದಷ್ಟು ಹೊತ್ತೂ ಇಳಿಸುವ ಹಾಗಿಲ್ಲ. "ಬೇಡ" ಅಂತ ತಲೆ ಅಡ್ಡ ತಿರುಗಿಸುವಾಗ ಅಟ್ಲಾಸ್ ತನ್ನ ಕೆಳಗಿನ ಮೂಳೆಯ ಮೇಲೆ ತಿರುಗುತ್ತದೆ. "ಹೂಂ" ಅನ್ನುವಾಗ ಮಾತ್ರ ತಲೆ ಬಾಗುವುದು ಅಟ್ಲಾಸ್ ಮೇಲೆಯೇ.

ಫಿಲ್ಮನ್ನು ಕವರಿಗೆ ಹಾಕಿ ಒಳಗೆ ಹೋದೆ. ಅಪ್ಪ ಕತ್ತಿಗೆ ಪಟ್ಟಿ ಕಟ್ಟಿಕೊಂಡು ಪೇಪರ್ ಓದುತ್ತಿದ್ದರು. "ಕಾಫಿ ಮಾಡ್ಲಾ?" ಅಂದೆ. ಪಟ್ಟಿ ಬಿಟ್ಟಷ್ಟೇ ಜಾಗದಲ್ಲಿ, ಮೆಲ್ಲಗೆ, ತಲೆ ಬಾಗಿಸಿದರು.