‘ಊಟ ಆಯ್ತಾ’ ಅಂತ ಕೇಳಿ ಫೋನ್ ಇಡಬೇಡಿ

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ಮನೆಮನೆಯಲ್ಲೂ ಹಿರಿಯರಿಗೆ ಹೇಳಿದ್ದು ಒಂದೇ ಮಾತು: ಹೊಸ್ತಿಲು ದಾಟಬೇಡಿ. ಸೋಂಕಿನ ಲೆಕ್ಕದಲ್ಲಿ ಸರಿಯೇ. ಆದರೆ ದಿನಾ ಬೆಳಗ್ಗೆ ನಂದಿನಿ ಬೂತಿಗೆ ಹೋಗಿ ಅರ್ಧ ಲೀಟರ್ ಹಾಲು ತರುತ್ತಿದ್ದ ಅಜ್ಜನಿಗೆ ಅದೊಂದೇ ಓಡಾಟದಲ್ಲಿ ಕಾಲಿಗೆ ಕಸರತ್ತು, ಮೈಗೆ ಎಳೆಬಿಸಿಲು, ನಾಲ್ಕು ಮಾತು ಎಲ್ಲ ಸಿಗುತ್ತಿತ್ತು. ಜೊತೆಗೆ, ‘ಯಜಮಾನ್ರು ಇವತ್ಯಾಕೆ ಬರ್ಲಿಲ್ಲ?’ ಅನ್ನೋಕೆ ಬೂತಿನವನೊಬ್ಬ ಇದ್ದ. ಹೊರಗೆ ಹೋಗಬೇಡಿ ಅಂದವರು ಇಷ್ಟನ್ನೂ ಮನೆಯೊಳಗೆ ತಂದುಕೊಡಬೇಕಿತ್ತು. ಹೆಚ್ಚಿನ ಮನೆಗಳಲ್ಲಿ ಕೊಟ್ಟದ್ದು ಟೀವಿ ರಿಮೋಟು.

ಮೊದಲು ಕಾಲಿನ ವಿಷಯ. ಆರೋಗ್ಯವಾಗಿದ್ದ ವೃದ್ಧರನ್ನೇ 10 ದಿನ ಹಾಸಿಗೆಯಲ್ಲಿರಿಸಿ ನೋಡಿದ ಒಂದು ಅಧ್ಯಯನದಲ್ಲಿ ಅವರ ಕಾಲಿನ ಮಾಂಸಖಂಡ ಹೆಚ್ಚುಕಡಿಮೆ ಒಂದು ಕಿಲೋ ಕರಗಿತ್ತು. ತೊಡೆಯ ಶಕ್ತಿ ಹೋದರೆ ಮೊದಲು ಕಷ್ಟವಾಗೋದು ಕಮೋಡಿನಿಂದ ಏಳೋದು. ಆಮೇಲೆ ಬೀಳೋದು. ಇದಕ್ಕೆ ಜಿಮ್ಮು ಬೇಡ. ಕೈಯಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತೆ. ನಿಧಾನಕ್ಕೆ ಎದ್ದು ಕೂರೋದು, ಬೆಳಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಮೊದಲ ವಾರ ಕೈ ಊರಿಕೊಂಡೇ ಏಳಲಿ. ಬಿಪಿ ಮಾತ್ರೆ ತಗೊಳ್ಳುವವರು ಎದ್ದ ಮೇಲೆ ಹತ್ತು ಎಣಿಸಿ ಹೆಜ್ಜೆ ಇಡಲಿ, ಇಲ್ಲದಿದ್ದರೆ ಕಣ್ಣು ಕತ್ತಲೆ ಬಂದು ಅಲ್ಲೇ ಕುಸೀತಾರೆ. ಎದೆನೋವು, ಏದುಸಿರು ಇದ್ದರೆ ಇದ್ಯಾವುದೂ ಬೇಡ, ಡಾಕ್ಟರಿಗೆ ಫೋನ್ ಮಾಡಿ.

ಇನ್ನು ನಮ್ಮ ಫೋನ್ ಕರೆ. ಬೆಂಗಳೂರಲ್ಲಿರೋ ಮಗ, ಅಮೆರಿಕದಲ್ಲಿರೋ ಮಗಳು ಇಬ್ಬರೂ ದಿನಾ ಕೇಳೋದು ‘ಊಟ ಆಯ್ತಾ?’ ಅಂತ. ಅದಕ್ಕೆ ‘ಆಯ್ತು’ ಅನ್ನೋದು ಬಿಟ್ಟು ಬೇರೆ ಉತ್ತರವೇ ಇಲ್ಲ. ‘ಹುಷಾರಾ?’ ಅಂದರೆ ‘ನಂಗೇನಾಗಿದೆ, ಗುಂಡ್ಕಲ್ಲಿದ್ದಂಗಿದೀನಿ’. ಅದರ ಬದಲು ‘ಇವತ್ತು ಏನು ಸಾರು ಮಾಡಿದ್ಯಮ್ಮ?’ ಅಂತ ಕೇಳಿ. ‘ನಿನ್ನೆದೇ ಇತ್ತು’ ಅನ್ನೋ ಉತ್ತರ ಎರಡು ದಿನ ಬಂದರೆ ಅಡುಗೆಮನೆಗೆ ಹೋಗೋ ತ್ರಾಣ ಇಲ್ಲ ಅಂತ ಅರ್ಥ. ‘ಬೆಳಗಿನ ಮಾತ್ರೆ ಎಷ್ಟು ಉಳಿದಿವೆ, ಎಣಿಸಿ ಹೇಳಪ್ಪ’ ಅನ್ನಿ. ಮಾತ್ರೆ ತಪ್ಪಿದ್ದೂ ಗೊತ್ತಾಗುತ್ತೆ, ಲೆಕ್ಕ ತಪ್ಪುತ್ತಿದೆಯಾ ಅನ್ನೋದೂ ಗೊತ್ತಾಗುತ್ತೆ.

ಈ ಎರಡನೆಯದು ಮುಖ್ಯ. ವಯಸ್ಸಾದವರಿಗೆ ಸೋಂಕು ಬಂದಾಗ ಜ್ವರ, ಕೆಮ್ಮು ಬರಲೇಬೇಕು ಅಂತೇನಿಲ್ಲ. ಕೋವಿಡ್‌ನಲ್ಲಿ ಎಷ್ಟೋ ಹಿರಿಯರಲ್ಲಿ ಮೊದಲು ಕಂಡದ್ದು ಗೊಂದಲ: ಹಗಲು ರಾತ್ರಿ ಅದಲುಬದಲು, ಮನೆಯವರ ಗುರುತು ತಪ್ಪೋದು, ಇಲ್ಲದಿದ್ದರೆ ಸುಮ್ಮನೆ ತೂಕಡಿಕೆ. ಮನೆಯವರು ‘ಅರಳುಮರಳು’ ಅಂದುಕೊಂಡು ಬಿಡ್ತಾರೆ. ಅರಳುಮರಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬರುವಂಥದ್ದು. ನಿನ್ನೆ ಸರಿಯಿದ್ದವರು ಇವತ್ತು ತಬ್ಬಿಬ್ಬಾದರೆ ಅದು ಕಾಯಿಲೆ, ಅದೇ ದಿನ ತೋರಿಸಬೇಕು.

ಗೊಂದಲಕ್ಕೆ ಇನ್ನೊಂದು ಕಾರಣ ನೀರು ಮತ್ತು ಉಪ್ಪು. ವಯಸ್ಸಾದಂತೆ ಬಾಯಾರಿಕೆಯ ಅರಿವು ಕಮ್ಮಿಯಾಗುತ್ತೆ. ಬಾತ್‌ರೂಮಿಗೆ ಏಳಬೇಕಲ್ಲ ಅಂತ ಬೇಕಂತಲೇ ಕುಡಿಯದವರೂ ಇದ್ದಾರೆ. ಹಾಗಂತ ಭೇದಿಯಾದಾಗ ಬರೀ ನೀರನ್ನೇ ಚೊಂಬುಗಟ್ಟಲೆ ಕುಡಿಸಿದರೆ ಸೋಡಿಯಂ ಇಳಿಯುತ್ತೆ. ಬಿಪಿಗೆಂದು ನೀರಿನ ಮಾತ್ರೆ (ಮೂತ್ರ ಹೆಚ್ಚು ಹೋಗಿಸುವ ಮಾತ್ರೆ) ತಗೊಳ್ಳುವವರಲ್ಲಿ ಇನ್ನೂ ಬೇಗ. ಓಆರ್‌ಎಸ್ ಕೊಡಿ. ಎಲ್ಲರೂ ಎಡವೋದು ಇಲ್ಲೇ: ದೊಡ್ಡ ಪ್ಯಾಕೆಟ್ 1 ಲೀಟರ್ ನೀರಿಗೆ, ಅಂದರೆ 200 ಮಿ.ಲೀ. ಲೋಟದಲ್ಲಿ ಐದು ಲೋಟ. ಒಂದೇ ಲೋಟಕ್ಕೆ ಪೂರ್ತಿ ಸುರಿದರೆ ಉಪ್ಪು ವಿಪರೀತವಾಗುತ್ತೆ. 200 ಮಿ.ಲೀ.ಗೆ ಬೆರೆಸುವ ಸಣ್ಣ ಪ್ಯಾಕೆಟ್ಟೂ ಸಿಗುತ್ತೆ, ಓದಿ ತಗೊಳ್ಳಿ. ಕಲಸಿದ್ದು 24 ಗಂಟೆ ಕಳೆದರೆ ಚೆಲ್ಲಿ. ಹೃದಯ, ಕಿಡ್ನಿ ತೊಂದರೆಗೆ ನೀರಿನ ಮಿತಿ ಹಾಕಿಸಿಕೊಂಡವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು. ಸಕ್ಕರೆ ಕಾಯಿಲೆಯವರು ಊಟ ಬಿಟ್ಟ ದಿನ ಮಾತ್ರೆ, ಇನ್ಸುಲಿನ್ ಎಂದಿನಂತೆ ತಗೊಂಡರೆ ಶುಗರ್ ಕುಸಿಯಬಹುದು. ಅವತ್ತೇ ಫೋನ್ ಮಾಡಿ ಪ್ರಮಾಣ ಕೇಳಿಕೊಳ್ಳಿ.

ಆಕ್ಸಿಮೀಟರು ಈಗ ಅನೇಕ ಮನೆಗಳ ಕಪಾಟಿನಲ್ಲಿದೆ, ಎಷ್ಟೋ ಕಡೆ ಸೆಲ್ಲು ಅದರೊಳಗೇ ಸೋರಿ ಹಾಳಾಗಿರುತ್ತೆ. ಬಳಸದಾಗ ತೆಗೆದಿಡಿ. ಅದರಲ್ಲಿ ಎರಡು ಸಂಖ್ಯೆ ಬರುತ್ತೆ, ಒಂದು ಆಕ್ಸಿಜನ್, ಇನ್ನೊಂದು ನಾಡಿ. ನಾಡಿಯ 72 ನೋಡಿ ಆಕ್ಸಿಜನ್ 72 ಅಂತ ಗಾಬರಿಯಾಗೋದು ಉಂಟು. ಇದಕ್ಕಿಂತ ಮೋಸದ್ದು ಇನ್ನೊಂದಿದೆ: ಎದುರು ಕೂತವರು ತಲೆಕೆಳಗಾಗಿ ಓದಿದರೆ 86 ಅನ್ನೋದು 98 ಆಗಿ ಕಾಣುತ್ತೆ! ಪರದೆಯ ಮೇಲಿನ ಅಕ್ಷರ ನೇರವಿದೆಯಾ ನೋಡಿಯೇ ಬರೆದುಕೊಳ್ಳಿ. ಉಗುರು ಬಣ್ಣ, ಗೋರಂಟಿ ಇಲ್ಲದ ಬೆರಳು ಬೇಕು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಒಂದು ನಿಮಿಷ ಬಿಟ್ಟು ಸ್ಥಿರವಾದ ಸಂಖ್ಯೆ ಓದಿ. 94ಕ್ಕಿಂತ ಕೆಳಗಿದ್ದರೆ ತಡಮಾಡದೆ ಡಾಕ್ಟರು. ಸರಿಯಿದ್ದರೆ ಮನೆಯೊಳಗೇ 3 ನಿಮಿಷ ನಡೆಸಿ ಮತ್ತೆ ನೋಡಿ. 3 ಅಂಕ ಅಥವಾ ಹೆಚ್ಚು ಇಳಿದರೆ ಆಗಲೂ ಡಾಕ್ಟರು.

2021ರ ಎರಡನೇ ಅಲೆಯಲ್ಲಿ ಯಾರದ್ದೋ ಮಾತ್ರೆ ಚೀಟಿ ವಾಟ್ಸ್‌ಆ್ಯಪ್‌ನಲ್ಲಿ ಬಂತು ಅಂತ ಮೊದಲ ದಿನವೇ ಸ್ಟೀರಾಯ್ಡ್ ನುಂಗಿದವರಿದ್ದಾರೆ. ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್‌ನಿಂದ ಉಪಯೋಗವಾದದ್ದು ಆಕ್ಸಿಜನ್ ಬೇಕಾದ ರೋಗಿಗಳಿಗೆ, ಬೇಡದವರಿಗೆ ಲಾಭ ಕಾಣಲಿಲ್ಲ ಅಂತ ಬ್ರಿಟನ್ನಿನ ‘ರಿಕವರಿ’ ಅನ್ನೋ ಔಷಧ ಪ್ರಯೋಗ 2020ರಲ್ಲೇ ತೋರಿಸಿತ್ತು. ಶುಗರ್ ಏರಿಸಿಕೊಂಡು ಕಪ್ಪು ಶಿಲೀಂಧ್ರಕ್ಕೆ ದಾರಿ ಮಾಡಿಕೊಟ್ಟದ್ದಷ್ಟೇ ಬಂತು.

ಒಬ್ಬರೇ ಇರುವವರ ಮನೆಯಲ್ಲಿ ಇವತ್ತೇ ಮಾಡಬಹುದಾದ ಒಂದು ಕೆಲಸ: ಬಚ್ಚಲಿನ ಚಿಲಕ ಹಾಕದೆ ಬಾಗಿಲು ಮುಂದಕ್ಕೆ ಮಾಡಿಕೊಳ್ಳುವ ಅಭ್ಯಾಸ. ಬಿದ್ದರೆ ಬಾಗಿಲು ಒಡೆಯುವ ಹೊತ್ತು ಉಳಿಯುತ್ತೆ. ಮುಂಬಾಗಿಲಿಗೆ ಹೊರಗಿನಿಂದಲೂ ಕೀಲಿಯಿಂದ ತೆಗೆಯುವ ಬೀಗ ಹಾಕಿಸಿ, ಒಂದು ಕೀಲಿ ಪಕ್ಕದ ಮನೆಯವರಲ್ಲಿರಲಿ. ಹಿರಿಯರ ಸಹಾಯವಾಣಿ 14567ನ್ನು ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಮೇಲ್ಗಡೆ ಗೋಡೆಗೆ ಅಂಟಿಸಿ. ಅದರ ಕೆಳಗೆ ಹಾಲಿನ ಬೂತಿನವನ ನಂಬರು.